ಮೂರು ರಾತ್ರಿಯ ಚಳಿಗೆ

ಈ ಮನೆಗೆ ಗೊತ್ತಿರುವುದು ಒಂದೇ ವಿದ್ಯೆ,
ಕಾವನ್ನು ಹೊರಗೆ ದಬ್ಬುವುದು.
ಗೋಡೆಗೂ ತಗಡಿಗೂ ನಡುವೆ ಗೇಣಗಲ ಸಂದು,
ಹಿತ್ತಲ ಕಡೆ ಕದವಿಲ್ಲದ ಕಿಟಕಿ,
ಬಾಗಿಲ ಕೆಳಗೆ ಬೆಕ್ಕಿನ ಮರಿ ನುಸುಳುವಷ್ಟು ಜಾಗ.
ಬಾಡಿಗೆಗೆ ಕೊಡುವಾಗ ಗಾದಿಲಿಂಗಪ್ಪ ಅದನ್ನೇ ಹೊಗಳಿದ್ದ:
"ಗಾಳಿ ನೋಡಮ್ಮ, ಗಾಳಿ! ಏಪ್ರಿಲ್‌ನಾಗೆ ನನ್ನ ನೆನಸ್ಕೊಂತೀರಿ."
ನೆನೆಸಿಕೊಂಡಿದ್ದೇವೆ, ಆರು ಏಪ್ರಿಲ್.

ಬಳ್ಳಾರಿಗೆ ಎರಡೇ ಕಾಲ, ಬ್ಯಾಸಿಗೆ ಮತ್ತು ಕಡುಬ್ಯಾಸಿಗೆ
ಎಂದು ನಗುವವರು ಎಳ್ಳಮಾವಾಸ್ಯೆಯ ಹಿಂದುಮುಂದು
ಕೌಲ್‌ಬಜಾರಿನಲ್ಲಿ ತಗಡಿನ ಕೆಳಗೆ ಮಲಗಿದವರಲ್ಲ.
ಮೂರು ರಾತ್ರಿ, ಹೆಚ್ಚೆಂದರೆ ನಾಲ್ಕು,
ಸಾಲ ಕೇಳಲು ಬಂದ ನೆಂಟನ ಹಾಗೆ
ಹೇಳದೆ ಬರುತ್ತದೆ, ಒಳಗೇ ಬಂದು ಕೂರುತ್ತದೆ.
ಪ್ರತಿ ವರ್ಷ ಒಂದೇ ಕೌದಿಯಲ್ಲಿ ಮುದುಡಿಕೊಂಡು
ಹೋಗಲಿ ಬಿಡು ಎನ್ನುತ್ತಿದ್ದೆವು.

ಈ ಸಲ ಜಡೆಮ್ಮನಿದ್ದಾಳೆ, ನನ್ನ ತಂಗಿ.
ಅವಳ ಮಗ್ಗುಲಲ್ಲಿ ಒಂಬತ್ತು ದಿನದ ಕೂಸು,
ಎರಡು ಕಿಲೋ ನೂರು ಗ್ರಾಮು.
"ಬೆಚ್ಚಗಿಡಿ" ಎಂದು ದೊಡ್ಡಾಸ್ಪತ್ರೆಯ ಸಿಸ್ಟರು
ಚೀಟಿ ಮಡಚುತ್ತಾ ಹೇಳಿದಳು,
ಬೆಚ್ಚಗೆ ಎನ್ನುವುದು ಮೆಡಿಕಲ್ ಅಂಗಡಿಯಲ್ಲಿ ಸಿಗುವ ಹಾಗೆ.

ಜೀನ್ಸ್ ಯೂನಿಟ್ಟಿನಲ್ಲಿ ನಾನು ದಾರ ಕತ್ತರಿಸುವವಳು.
ಕಟಿಂಗ್ ಮಾಸ್ಟರ್ ಖಾಜಾಸಾಬಿಯ ಹತ್ತಿರ ಹೋಗಿ
ಚೂರುಬಟ್ಟೆ ಎರಡು ಚೀಲ ಕೇಳಿದೆ.
"ಏನು ಮಾಡ್ತಿ ಸುಂಕಮ್ಮ, ಇಷ್ಟೊಂದು?"
"ಮನೆಗೆ ಪ್ಯಾಂಟು ಹೊಲಿತೀನಿ, ಮಾಸ್ಟರೇ."
ನಕ್ಕ. ಮೂರು ಚೀಲ ಕೊಟ್ಟ.

ನೀಲಿ ಚೂರು, ಕರಿ ಚೂರು, ಅರ್ಧ ಜೇಬು,
ಗುಂಡಿಯ ತೂತು ಮಾತ್ರ ಇರುವ ಸೊಂಟಪಟ್ಟಿ.
ನೀರಿನ ಡ್ರಮ್ಮನ್ನು ಬೋರಲು ಹಾಕಿ ಹತ್ತಿ
ಸಂದಿನೊಳಗೆ ಒಂದೊಂದೇ ಗಿಡಿದೆ.
ಕಿಟಕಿಗೆ ಗೊಬ್ಬರದ ಚೀಲ ಎರಡು ಪದರ, ನಡುವೆ ರಟ್ಟು.
ಕಡಪ ಕಲ್ಲಿನ ನೆಲಕ್ಕೆ ದಾರದುಂಡೆಯ ಪೆಟ್ಟಿಗೆಗಳನ್ನು
ಬಿಚ್ಚಿ ಹಾಸಿದೆ. ಬಾಗಿಲ ಕೆಳಗೆ
ನನ್ನ ಗಂಡನ ಹಳೆಯ ಲುಂಗಿ, ಒಳಗೆ ಮರಳು ತುಂಬಿ
ಹೆಬ್ಬಾವಿನ ಹಾಗೆ ಹೊಲಿದದ್ದು.
ಬೆರಳೆಲ್ಲ ನೀಲಿ. ಹಿಟ್ಟು ನಾದಿದರೆ ರೊಟ್ಟಿಯ ಅಂಚೂ ನೀಲಿ.

ಮೂಡಲ ಮೂಲೆಯಲ್ಲಿ ಕೈಗೆ ಏನೋ ತಡೆಯಿತು.
ನನಗಿಂತ ಮೊದಲು ಯಾರೋ ಗಿಡಿದ ಗಂಟು.
ಇಲಿ ಕಡಿದ ಪೇಪರು, ಸಿಮೆಂಟ್ ಚೀಲದ ತುಂಡು,
ಒಳಗೆ ಒಂದು ಕುಂಚಿಗೆ: ಕೆಂಪು ಖಣ, ಬಿಳಿ ಜಾಲರಿ,
ಕಟ್ಟುವ ದಾರ ಒಂದೇ ಕಡೆ.

ಗಾದಿಲಿಂಗಪ್ಪನಿಗೆ ಫೋನು ಹಚ್ಚಿದೆ.
"ನಮಗಿಂತ ಮುಂಚೆ ಯಾರಿದ್ರು?"
"ಯಾರೋ ಸಂಡೂರು ಕಡೇರು. ಎರಡು ತಿಂಗಳು."
"ಕೂಸಿತ್ತಾ?"
ಅವನ ಕಡೆ ಯಾವುದೋ ಲಾರಿ ಹಾರ್ನ್ ಹೊಡೆಯಿತು.
"ಬಾಡಿಗೆ ಸರಿಯಾಗಿ ಕೊಟ್ರಮ್ಮ," ಎಂದ.

ಆ ರಾತ್ರಿ ಹೊರಸಿನ ಕೆಳಗೆ ಒಂದು ಬಾಣಲಿ ಕೆಂಡ,
ಚಿಟಿಕೆ ಲೋಬಾನ. ಪಕ್ಕದ ಮೌಲಾಬಿ ಬಂದು ನಿಂತು
ಮೇಲೆ ನೋಡಿದಳು, ಸುತ್ತ ನೋಡಿದಳು.
"ಎಲ್ಲಾ ಮುಚ್ಚಿಬಿಟ್ಟೆಯಲ್ಲೇ ಹುಚ್ಚಿ.
ಕೆಂಡಾನೂ ಉಸಿರಾಡ್ತೈತೆ. ನಿಮ್ಮ ಪಾಲಿಂದು."
ಊರುಗೋಲಿನಿಂದ ತಿವಿದು ಒಂದು ಗಂಟು ಕೆಡವಿದಳು,
ಅದೇ ಮೂಲೆಯದು.
ಕೆಂಡ ಅಂಗಳಕ್ಕೆ ಹೋಯಿತು. ಹೊರಸು ಈಚೆ ಗೋಡೆಗೆ ಬಂತು.
ಕೂಸು ತಾಯಿಯ ಎದೆಗೆ, ತಾಯಿ ನನ್ನ ಬೆನ್ನಿಗೆ,
ಮೇಲೆ ಎರಡು ಕೌದಿ.

ಮೂರು ರಾತ್ರಿ ಆ ಬೊಗಸೆಯಷ್ಟು ತೂತಿನಿಂದ
ಚಳಿ ಇಳಿದು ಬರುವುದನ್ನು ನೋಡುತ್ತಾ ಮಲಗಿದ್ದೆ.
ಕೂಸಿನ ಉಸಿರು ಎಣಿಸುತ್ತಿದ್ದೆ. ನಲವತ್ತರ ಹತ್ತಿರ
ಲೆಕ್ಕ ತಪ್ಪುತ್ತಿತ್ತು, ಮತ್ತೆ ಒಂದರಿಂದ.
ನಾಲ್ಕನೆಯ ಬೆಳಗ್ಗೆ ಬಿಸಿಲು ತಾಗಿ ತಗಡು ಟಣ್ಣೆಂದಿತು.
ಕೂಸು ಸೀನಿತು. "ನೂರು ವರ್ಷ" ಎಂದಳು ಮೌಲಾಬಿ,
ಗೋಡೆಯಾಚೆಯಿಂದ.

ಕುಂಚಿಗೆಯನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ತಂತಿಗೆ ಹಾಕಿದೆ.
ತೊಡಿಸಲು ಮನಸ್ಸಾಗಲಿಲ್ಲ. ಎಸೆಯಲೂ ಇಲ್ಲ.
"ಯಾರದಕ್ಕ ಅದು?" ಎಂದಳು ಜಡೆಮ್ಮ.
"ಮನೇದು," ಎಂದೆ.
ಚೂರುಗಳನ್ನು ಇನ್ನೂ ಕಿತ್ತಿಲ್ಲ. ಶಿವರಾತ್ರಿ ಕಳೆಯಲಿ.