ಕರಿ ಹೆಚ್ಚು

ಪುಟಕ್ಕ ಒಂದು ರೂಪಾಯಿ ಅಂತ ಬೋರ್ಡ್ ಅದ.
ಇದಕ್ಕ ಎರಡು ಅಂದೆ ಮೌನೇಶಗ.
ಯಾಕಕ್ಕಾ?
ಕರಿ ಹೆಚ್ಚದಲ್ಲಪ್ಪ, ನೋಡು,
ಆಕಾಶ ಕರಿ, ಗೋಡಿ ಕರಿ,
ಹುಡುಗನ ಕಣ್ಣಾಗೂ ಬಿಳಿ ಬಿಟ್ಟಿಲ್ಲ.
ನನ್ನ ಟೋನರೆಲ್ಲ ಇವನೊಬ್ಬನೇ ಕುಡೀತಾನ.

ಜಪಾನಿನ ಚಿತ್ರಕಥಿ. ಯಾರದೋ ಎರವಲು,
ಸಂಜಿ ಆರಕ್ಕ ವಾಪಸ್ ಮುಟ್ಟಬೇಕು.
ರಾಯಚೂರು, ಮೇ ತಿಂಗಳು,
ತೀನ್ ಕಂದೀಲಿನ ಗಲ್ಲಿಯಾಗ ಗಾಳಿಲ್ಲ, ಮಷೀನಿನ ಬಿಸಿ ಬ್ಯಾರೆ.
ಮುಚ್ಚಳ ಎತ್ತು, ಹಾಳಿ ತಿರುವು, ಮುಚ್ಚು, ಹಸರು ಬೆಳಕು
ಇನ್ನೂರಾ ಹನ್ನೆರಡು ಸಲ.
ಕೈ ಅದರ ಪಾಡಿಗೆ. ಕಣ್ಣು ಓದಿಕೋತ ಹೋತು.

ನಾ ಓದಿದ್ದು ನಮ್ಮ ರೂಢಿಯಂಗ, ಎಡದಿಂದ.
ಮೊದಲಿಗೇ ಖಾಲಿ ಬೆಂಚು, ತೆರೆದ ಕಿಟಕಿ.
ಆಮ್ಯಾಲೆ ಮಾಳಿಗಿ ಅಂಚಿನಾಗ ಹುಡುಗ,
ಆಮ್ಯಾಲೆ ಮೆಟ್ಟಲ ಹಿಂದಹಿಂದಕ ಇಳಿದ,
ಹರಿದ ವಹಿ ಒಂದಾತು,
ಕಪಾಳದ ಬೆರಳಗುರುತು ಒಂದೊಂದೇ ಎದ್ದು
ಅಪ್ಪನ ಕೈಗೆ ತಿರುಗಿ ಹೋದವು,
ಕಟ್ಟಕಡೀಗೆ ಶಾಲಿ ಮುಂದ
ಹೊಸ ಬೂಟು ಹಾಕ್ಕೊಂಡು ನಿಂತಾನ.
ಭಾಳ ಛಲೋ ಕಥಿ, ಅಂದೆ.
ಮೌನೇಶ ನಕ್ಕ. ಅವ ನಗೋದು ಅದೇ ಮೊದಲು ನೋಡಿದ್ದು.
ಅಕ್ಕಾ, ಅದು ಬಲದಿಂದ ಓದೋದು.

ಬಲದಿಂದ ನೋಡಿದೆ.
ಮಷೀನು ಕಾದದ, ಆರಲಿ, ಅಂತ ಸುಳ್ಳು ಹೇಳಿ
ನೀರು ಕುಡಿದೆ.

ಆ ಪ್ರತಿಗೆ ಹನ್ನೊಂದು ಮರಿ ಹುಟ್ಟಿದವು.
ಕೋಚಿಂಗ್ ಬಿಟ್ಟ ಕೂಡಲೆ ಬರತಿದ್ರು, ನಾಕು ಮಂದಿ ರೊಕ್ಕ ಕೂಡಿಸಿ,
ಬೆವತ ನೋಟು.
ತಾಯಪ್ಪ: ಇಷ್ಟು ಯಾರರ ಅಳ್ತಾರೇನ್ರಿ, ಎಲ್ಲಾ ನಾಟಕ.
ಮೂರೇ ದಿನಕ್ಕ ಬಂದು, ಎರಡನೇ ಭಾಗ ಸಿಗ್ತದೇನು ಅಂದ.
ಅಫ್ರೀನಗ ಪೂರಾ ಬ್ಯಾಡ, ಎಂಬತ್ತೆಂಟನೇದು ಒಂದೇ,
ಮೆಟ್ಟಲ ಕೆಳಗ ಕುಂತ ಹುಡುಗಿ.
ದೊಡ್ಡದು ಮಾಡ್ರಿ, ಎಷ್ಟು ದೊಡ್ಡದಾಗ್ತದೋ ಅಷ್ಟು.
ಸುತ್ತಿ ರಬ್ಬರ್ ಹಾಕಿಕೊಟ್ಟೆ. ಯಾಕಂತ ಕೇಳಲಿಲ್ಲ.
ಫಿಜಿಕ್ಸ್ ಸರ್ ಬಂದ್ರು, ಸುಡಬೇಕು ಇಂಥಾವು ಅಂದ್ರು.
ಕರೆಂಟ್ ಹೋತು. ಬಾಗಿಲ ಬೆಳಕಿಗೆ ಹಿಡಿದು
ನಿಂತಗೊಂಡೇ ಅರ್ಧ ಓದಿದ್ರು.
ಕರೆಂಟ್ ಬಂತು. ಕೆಳಗಿಟ್ಟು ಹೋದ್ರು,
ಬಂದ ಕೆಲಸ ಮರ್ತು.
ಒಬ್ಬ ತಾಯಿ ಕೌಂಟರಿಗೆ ಬಡದಳು:
ಇದನ್ನ ಓದಿ ನನ್ನ ಮಗ ಮಾತು ಬಿಟ್ಟಾನ.
ಮಾತು ಬಿಟ್ಟ ಮ್ಯಾಲೇ ಅವ ಇಲ್ಲಿಗೆ ಬಂದಿದ್ದ ತಾಯಿ,
ಅನ್ನಬೇಕಂದೆ. ರೊಕ್ಕ ವಾಪಸ್ ಕೊಟ್ಟೆ.

ಎಲ್ಲಾರೂ ಕೇಳಿದ್ದು ಮಾತ್ರ ಒಂದೇ ಪುಟ.
ನೂರಾ ತೊಂಬತ್ತೇಳು.
ಅಲ್ಲಿ ಏನೂ ಇಲ್ಲ, ಬರೇ ಬಿಳಿ.
ಬಿದ್ದ ಅಂತ ಅರ್ಥ, ಅಂದ ಒಬ್ಬ.
ಇಲ್ಲ, ಮನೀಗೆ ಹೋದ, ಅಂದಳು ಇನ್ನೊಬ್ಬಾಕಿ, ಸಿಟ್ಟಿಗೆದ್ದು.
ಕರೀದಕ್ಕ ಅಂಜಲಿಲ್ರಿ ನಾ, ಅಂದ ತಾಯಪ್ಪ,
ಆ ಬಿಳೀದು ಮೂರು ರಾತ್ರಿ ಮಲಗಗೊಡಲಿಲ್ಲ.
ಬರದಾವ ಭಾರೀ ಶ್ಯಾಣ್ಯಾ ಇರಬೇಕು.

ಬರದಾವ ಏನು ಬರದಿದ್ದ, ನನಗ ಗೊತ್ತು.
ಪುಸ್ತಕ ಬೋರಲು ಹಾಕೋ ಮೊದಲು
ಗಾಜಿನ ಮ್ಯಾಲೆ ಖಾಲಿ ಹಾಳಿ ಹಾಸಿದ್ದು ಈ ಕೈ.
ಕಡಿಮಿ ಆಗಲಿ ಅಂತ ಹಾಸಿದೆ.

ಮೌನೇಶ ಬಂದಿದ್ದು ಜೂನ್ ದಾಟಿ. ಮೀಸಿ ಚೂರು ಒಡದಿತ್ತು.
ನೂರಾ ತೊಂಬತ್ತೇಳು ಖಾಲಿ ಬಂದದ ಅಕ್ಕಾ.
ಟೋನರ್ ಮುಗದಿತ್ತು.
ಹಿಂದಿಂದು ಬಂದದಲ್ಲ. ಮುಂದಿಂದೂ.
ಫ್ಯಾನಿನ ಸಪ್ಪಳ.
ನಾ ಮೊದಲೇ ನೋಡೀನಿ, ಅಂದ, ಅಸಲಿದು.
ಎರಡು ರೂಪಾಯಿ ತೆಗೆದು ಕೌಂಟರ್ ಮ್ಯಾಲಿಟ್ಟೆ.
ತಗೊಳ್ಳಲಿಲ್ಲ. ಹೋಗಲೂ ಇಲ್ಲ.
ಮಷೀನಿನೊಳಗ ಹಾಳಿ ಒಂದು ಸಿಕ್ಕೊಂಡಿತ್ತು.
ನನ್ನ ಬೆರಳು ದಪ್ಪ, ನೀ ಕೈ ಹಾಕು, ಅಂದೆ.
ಮೊಣಕೈತನಕ ಹಾಕಿ ಎಳದ.
ಕರಿಗೈಗೆ ಬಟ್ಟಿ ಕೊಟ್ಟೆ.
ಒರಸ್ಕೋತ ಸ್ಟೂಲ್ ಮ್ಯಾಲೆ ಕುಂತ.
ಬಾಗಿಲ ಹಾಕೋ ಹೊತ್ತು ಆಗಿತ್ತು.
ಹಾಕಲಿಲ್ಲ.