ಕೈಗಡ

ಬರ್ಸ್ಲೆಮ್ ಕುಂಬಾರರ ಊರು.
ಹಳೆಯ ಮೆಥಡಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ
ಗುರುವಾರ ಹತ್ತರಿಂದ ಒಂದರವರೆಗೆ ನಾನು:
ಮಡಚುವ ಮೇಜು, ಕ್ಯಾಲ್ಕುಲೇಟರ್,
ಅಳುವವರಿಗೆಂದು ಒಂದು ಟಿಶ್ಯೂ ಡಬ್ಬಿ.
ಹೆಚ್ಚಿನವರು ಅದರಲ್ಲಿ ಕನ್ನಡಕ ಒರೆಸಿಕೊಳ್ಳುತ್ತಾರೆ.

ಕ್ಲೈವ್ ಬ್ರಿಂಡ್ಲಿ ಬಂದದ್ದು ಎರಡು ಚೀಲ ಹಿಡಿದು.
ಒಂದರ ತುಂಬ ಒಡೆಯದ ಲಕೋಟೆ,
ಇನ್ನೊಂದರಲ್ಲಿ ಹೆಂಡತಿ ತರಹೇಳಿದ ಆಲೂಗಡ್ಡೆ.
ಮೊದಲು ತಪ್ಪು ಚೀಲ ಬಿಚ್ಚಿದ.
ಇಬ್ಬರೂ ನಕ್ಕೆವು,
ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ.

"ಆ ಏಪ್ರಿಲ್ಲಿನಲ್ಲಿ ಕಾನೂನು ಬಂತಲ್ಲ,
ಕ್ರೆಡಿಟ್ ಕಾರ್ಡಿನಲ್ಲಿ ಜೂಜು ಕೂಡದು ಅಂತ.
ಮೂರು ಸಲ ಒತ್ತಿದೆ.
ಮೂರು ಸಲವೂ ಒಲ್ಲೆ ಅಂದಿತು.
ಎದ್ದು ಟೀ ಮಾಡಿಕೊಂಡೆ. ಬೆಕ್ಕಿಗೆ ಹಾಲಿಟ್ಟೆ.
ಎಷ್ಟೋ ವರ್ಷದ ಮೇಲೆ ಹತ್ತೂವರೆಗೆ ಮಲಗಿದೆ.
ಹನ್ನೊಂದು ದಿನ ಹಾಗೇ ಇದ್ದೆ."

ಹನ್ನೆರಡನೆಯ ದಿನ?
ಆಲೂಗಡ್ಡೆಗೆ ಅಂಟಿದ ಮಣ್ಣನ್ನು
ಉಗುರಿನಲ್ಲಿ ಕೆರೆಯುತ್ತ ಕೂತ.

ಉಳಿದದ್ದನ್ನು ಲಕೋಟೆಗಳು ಹೇಳಿದವು.
ತಳ ಕಂಡ ಓವರ್‌ಡ್ರಾಫ್ಟು.
ಹದಿನೈದು ನಿಮಿಷದಲ್ಲಿ ಹಣ ಎಂದ ಕಂಪನಿ,
ಅದರ ಬಾಯಿ ಮುಚ್ಚಿಸಲು ಮತ್ತೊಂದು,
ಕಾಗದದ ಮೂಲೆಯಲ್ಲಿ ನಗುವ ಸೂರ್ಯಕಾಂತಿ.
ಕಾರ್ಡು ಮಾತ್ರ ಈಗ ಸಂಭಾವಿತ:
ಬ್ರೆಡ್ಡು, ಪೆಟ್ರೋಲು, ಮಗಳ ಶಾಲೆಯ ಬೂಟು.
ಸಂಬಳವೆಲ್ಲ ಡೆಬಿಟ್ಟಿನಲ್ಲಿ ಪರದೆಯ ಚಕ್ರಕ್ಕೆ,
ಊಟವೆಲ್ಲ ಕ್ರೆಡಿಟ್ಟಿನಲ್ಲಿ ಹೊಟ್ಟೆಗೆ.
ಕಾನೂನು ಎಲ್ಲೂ ಮುರಿದಿಲ್ಲ.
ದುಡ್ಡಿಗೇನು, ಯಾವ ಜೇಬಿನಿಂದ ಬಂದೆನೆಂಬ ನೆನಪೇ?

ಇವನು ಹಗಲೆಲ್ಲ ಇನ್ನೊಂದು ಚಕ್ರದ ಮುಂದೆ ಕೂರುವವನು.
ಮಗ್ಗುಗಳಿಗೆ ಹಿಡಿ ಹಚ್ಚುವ ಬೆರಳು,
ಒಂದೊಂದೂ ಒಂದೇ ಅಳತೆ.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ
ಎನ್ನುವ ಮಾತು ನಾಲಿಗೆಗೆ ಬಂತು, ನುಂಗಿಕೊಂಡೆ.
ಕುಂಬಾರನೂ ದೊಣ್ಣೆಯೂ
ಒಂದೇ ಕುರ್ಚಿಯಲ್ಲಿ ಕೂತಿದ್ದರಲ್ಲ.

ಇಷ್ಟೇನಾ? ಎಂದೆ.
ಲಕೋಟೆಯಿಲ್ಲದವು ಇನ್ನೂ ಇದ್ದವು.
ಆವಿಗೆಯ ಬಳಿ ಜೊತೆಗೆ ದುಡಿಯುವ ಎನಕ್‌ನಿಂದ ಇನ್ನೂರು.
ಅತ್ತೆ ತನ್ನ ಮಣ್ಣಿಗೆಂದು
ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟದ್ದರಲ್ಲಿ ಆರುನೂರು.
"ಅವಳು ಎಣಿಸುವುದಿಲ್ಲ," ಅಂದ.
ಆ ವಯಸ್ಸಿನವರು ಎಣಿಸದೆ ಇರುತ್ತಾರೆಯೇ?

ಎಲ್ಲಕ್ಕೂ ಅವನು ಒಂದೇ ಪದ ಬಳಸಿದ.
ನನ್ನ ಮಾತಿನಲ್ಲಿ ಸಾಲ ಬೇರೆ, ಉದ್ರಿ ಬೇರೆ, ಒತ್ತೆ ಬೇರೆ;
ಪತ್ರವಿಲ್ಲದೆ, ಬಡ್ಡಿಯಿಲ್ಲದೆ,
ಬರೀ ಮುಖ ನೋಡಿ ಕೊಡುವುದು ಕೈಗಡ.
ಫಾರಮ್ಮಿನಲ್ಲಿ ಅದಕ್ಕೆ ಕಾಲಮ್ಮಿಲ್ಲ.
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದೆ,
ಎನಕ್, ಅತ್ತೆ,
ಬಾಕಿ ಕಟ್ಟಲು ಕೊನೆಯ ತಾರೀಕಿಲ್ಲದವರು.

ಫಾರಮ್ಮಿನ ಕೊನೆಗೆ ಒಂದು ಪ್ರಶ್ನೆ:
ನಿರ್ಬಂಧದಿಂದ ಪ್ರಯೋಜನವಾಯಿತೇ?
ಇಲ್ಲ ಎಂಬಲ್ಲಿ ಪೆನ್ನು ಊರಿದೆ.
ಆಗ ನೆನಪಾದಳು ಪಕ್ಕದ ಮನೆಯ ಗ್ಲೆನಿಸ್.
ಫೋನಿನಲ್ಲಿ ಬಿಂಗೊ ಆಡುತ್ತಿದ್ದವಳು,
ಕಾರ್ಡು ಒಲ್ಲೆ ಅಂದ ದಿನ
ಬೇರೆ ದಾರಿ ಹುಡುಕಲು ನಾಚಿಕೆಯಾಗಿ ಬಿಟ್ಟೇಬಿಟ್ಟಳಂತೆ.
ಬಸ್ ಸ್ಟಾಪಿನಲ್ಲಿ, ಹವಾಮಾನದ ಮಾತಿನ ನಡುವೆ ಹೇಳಿದ್ದಳು.
ಅವಳೇಕೆ ಬಂದಾಳು ಈ ನೆಲಮಾಳಿಗೆಗೆ?
ಹಲ್ಲಿನ ಡಾಕ್ಟರ ಲೆಕ್ಕದಲ್ಲಿ
ಊರಿನ ಬಾಯೆಲ್ಲ ಹುಳುಕು.

ಎರಡು ಚೌಕವನ್ನೂ ಖಾಲಿ ಬಿಟ್ಟೆ.

ಹೋದವನು ಮತ್ತೆ ಮೆಟ್ಟಿಲಿಳಿದು ಬಂದ.
ಆಲೂಗಡ್ಡೆ ಮರೆತಿದ್ದ.
ಚೀಲ ಎತ್ತಿಕೊಂಡೂ ನಿಂತೇ ಇದ್ದ.
"ಬಸ್ಸಿಗೆ ಎರಡು ಪೌಂಡು... ಮುಂದಿನ ಗುರುವಾರ ಕೊಟ್ಟುಬಿಡುತ್ತೇನೆ."
ಕೊಡಬಾರದೆಂದು ನಿಯಮ, ನನ್ನ ಹಿಂದಿನ ಗೋಡೆಯ ಮೇಲೇ ಇದೆ.
ಬಸ್ಸಿಗೆ ನಿಜವಾಗಿಯೂ ಎರಡೇ ಪೌಂಡು.

ಅವನ ಮುಖ ನೋಡಿದೆ.