ಗಾದರಿ

ಮೊದಲು ಬದನೆಕಾಯಿ ಬಿಟ್ಟೆ.
ಆಮೇಲೆ ಕಡಲೆಕಾಯಿ, ಒಣಮೀನು, ಮೊಟ್ಟೆ,
ಹೊಸ ಸೋಪು, ಹಳೆ ರಗ್ಗು,
ನಾಗರಭಾವಿ ಅತ್ತಿಗೆ ಕೊಟ್ಟ ನೈಲಾನ್ ಸೀರೆ.
ಬಿಡಲು ಇನ್ನೇನೂ ಉಳಿಯದಿದ್ದಾಗಲೂ
ರಾತ್ರಿ ಹತ್ತೂವರೆಗೆ ಸರಿಯಾಗಿ
ಸೊಂಟದಿಂದ ಹತ್ತುತ್ತಿತ್ತು ಗಾದರಿ,
ಕೆರೆದ ಕಡೆ ದಪ್ಪ, ಕೆರೆಯದ ಕಡೆ ಕೆಂಪು.
ಬೆಳಗಾದರೆ ಒಂದು ಗುರುತೂ ಇಲ್ಲ.
ಯಾರಿಗೆ ತೋರಿಸಲಿ?

ಅತ್ತೆ ಕಂಬಳಿ ತಂದು ಮೈಯುಜ್ಜಿದರು, ಪಿತ್ತ ಅಂದರು.
ಕೆಳಮನೆ ಬೋರಮ್ಮ ನಾಗದೋಷ ಅಂದಳು.
ನನ್ನ ಡ್ರೈವರ್ ಮುನಿಕೆಂಪಯ್ಯ
"ಮೆಜೆಸ್ಟಿಕ್ ಹೊಗೆ ಕಣಕ್ಕ, ನಂಗೂ ಕಡಿಯುತ್ತೆ"
ಅಂದು ಹಾರನ್ ಹೊಡೆದ.

ಚೀಲದ ಪಟ್ಟಿ ಕೂತ ಹೆಗಲಲ್ಲಿ
ಡ್ಯೂಟಿ ಮುಗಿಯುವಷ್ಟರಲ್ಲಿ ಇನ್ನೊಂದು ಪಟ್ಟಿ ಎದ್ದಿರುತ್ತಿತ್ತು.
ಇಂಚರ ಒಮ್ಮೆ ಉಗುರಲ್ಲಿ ಮೆಲ್ಲಗೆ
ನನ್ನ ಮುಂಗೈ ಮೇಲೆ ತನ್ನ ಮೊದಲಕ್ಷರ ಗೀಚಿದಳು: ಇಂ.
ಐದು ನಿಮಿಷಕ್ಕೆ ಅಕ್ಷರ ಉಬ್ಬಿ ಬಂತು.
ನಕ್ಕಳು. ನನ್ನ ಮುಖ ನೋಡಿ ನಿಲ್ಲಿಸಿದಳು.

ಬೌರಿಂಗ್ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ಹುಡುಗಿ,
ನನ್ನ ಬಸ್ಸಲ್ಲಿ ಸೊನ್ನೆ ಟಿಕೆಟ್ ಇಸ್ಕೊಂಡು ನಿಲ್ಲುವ ವಯಸ್ಸು.
ಮೈ ನೋಡಿದ್ದು ಕಡಿಮೆ, ಕತ್ತು ನೋಡಿದ್ದೇ ಹೆಚ್ಚು.
"ಎಂಜಲು ನುಂಗಿ. ಇನ್ನೊಂದ್ಸಲ.
ಕೂದಲು ಉದುರುತ್ತಾ? ಚಳಿ ಜಾಸ್ತಿನಾ?"
ಕಡಿಯೋದು ಬೆನ್ನು, ಕೇಳೋದು ಕತ್ತು.
ತಪ್ಪು ಸ್ಟಾಪಿನಲ್ಲಿ ಇಳಿದೆನೇನೋ ಅಂದುಕೊಂಡೆ.

ಮೂವತ್ತೈದರೊಳಗೆ ಇರಬೇಕಾದ್ದು
ಆರುನೂರ ಹನ್ನೆರಡು.
"ನಿಮ್ಮ ಮೈ ಕಾಯೋರೇ ನಿಮ್ಮ ಥೈರಾಯ್ಡನ್ನ
ಬೇರೆಯವರದು ಅಂತ ಹಿಡಿದಿದ್ದಾರೆ.
ಚರ್ಮದಲ್ಲೂ ಅದೇ ಜಗಳ ಇರಬಹುದು. ಎರಡೂ ಜೊತೆಗೆ ಬರೋದುಂಟು.
ಇದರಿಂದಲೇ ಅದು ಅಂತ ಆಣೆಯಿಟ್ಟು ಹೇಳೋಕಾಗಲ್ಲ."

ನನಗೆ ಅರ್ಥವಾಯಿತು. ಹದಿನಾರು ವರ್ಷದ ಸರ್ವೀಸು.
ಪಾಸಿದ್ದವನನ್ನೇ ಕಾಲರ್ ಹಿಡಿದು ಇಳಿಸಿ
ಟಿಕೆಟಿಲ್ಲದವನ ಪಕ್ಕ ಕೂತು ಹರಟುವ
ಚೆಕಿಂಗಿನವರನ್ನು ನಾನು ಕಂಡಿಲ್ಲವೆ?
ಒಳಗೂ ಅಂಥವರೇ ಹತ್ತಿದ್ದಾರೆ.
ಹುಟ್ಟಿದಾಗಿನಿಂದ ಇದೇ ಕತ್ತು, ಇದೇ ತೊಗಲು.
ಇದಕ್ಕೆಲ್ಲಿಯ ಪಾಸು ತೋರಿಸಲಿ?

ಈಗ ನಾಲ್ಕೂವರೆಗೆ, ಖಾಲಿ ಹೊಟ್ಟೆಗೆ,
ಸಾಸಿವೆಗಿಂತ ತುಸು ದೊಡ್ಡ ಬಿಳಿ ಮಾತ್ರೆ.
ಬಸ್ಸು ಡಿಪೋ ಬಿಡುವ ತನಕ ಕಾಫಿ ಇಲ್ಲ.
ವಾರಕ್ಕೆ ಐದಿದ್ದ ರಾತ್ರಿಗಳು ಎರಡಕ್ಕಿಳಿದಿವೆ,
ಮಾತ್ರೆಯಿಂದಲೋ, ಚಳಿ ಹೋದದ್ದರಿಂದಲೋ.

ನಿನ್ನೆ ಬದನೆಕಾಯಿ ತಂದೆ. ಎಣ್ಣೆಗಾಯಿ ಮಾಡಿದೆ.
ಇಂಚರ ತಟ್ಟೆ ಮುಂದೆ ಕೂತು, ಉಣ್ಣದೆ,
ನನ್ನ ಮುಂಗೈಯನ್ನೇ ನೋಡುತ್ತಿದ್ದಳು
ಅಲ್ಲೇನೋ ಮೂಡಿ ಬರುವುದಿದೆ ಎಂಬಂತೆ.